ನಾವೆಲ್ಲ ಸೇರಿ ಒಂದೇ ದೂರು ಕೊಡಬಹುದಾ? ಗ್ರಾಹಕರ ಸಾಮೂಹಿಕ ದೂರು: ಪದೇ ಪದೇ ಕೇಳುವ ಪ್ರಶ್ನೆಗಳು

ಅಪಾರ್ಟ್‌ಮೆಂಟ್ ಬುಕ್ ಮಾಡಿ ವರ್ಷಗಟ್ಟಲೆ ಕಾಯುತ್ತಿರುವವರು, ಲೇಔಟ್‌ನಲ್ಲಿ ಸೈಟ್‌ಗೆ ಕಂತು ಕಟ್ಟಿದವರು, ಅರ್ಧಕ್ಕೇ ಬಾಗಿಲು ಹಾಕಿದ ಕೋಚಿಂಗ್ ಸೆಂಟರ್‌ಗೆ ಫೀಸ್ ಕೊಟ್ಟ ತಂದೆ ತಾಯಂದಿರು. ದೂರು ಬರೆಯಲು ನೆರವು ಕೇಳಿ ಬರುವ ಇವರೆಲ್ಲರ ಮೊದಲ ಪ್ರಶ್ನೆ ಒಂದೇ: ಇಷ್ಟು ಜನ ಇದ್ದೇವೆ, ಸೇರಿ ಒಂದೇ ಕೇಸ್ ಹಾಕಬಹುದಾ? ಹಾಕಬಹುದು. ಆದರೆ ಜನ ಸೇರಿದರಷ್ಟೇ ಸಾಲದು. ಎಲ್ಲರ ತಕರಾರೂ ಒಂದೇ ಅನ್ನುವುದನ್ನು ಕಾಗದದ ಮೇಲೆ ತೋರಿಸಬೇಕು. ನ್ಯಾಯ ನಮ್ಮ ಕಡೆಗಿದ್ದರೂ ಕೇಸ್ ಎಡವುವುದು ಹೆಚ್ಚಾಗಿ ಇಲ್ಲೇ. ಅದಕ್ಕೇ ಆ ಭಾಗಕ್ಕೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಸಾಮೂಹಿಕ ದೂರಿಗೆ ಕಾನೂನಿನಲ್ಲಿ ಅವಕಾಶ ಎಲ್ಲಿದೆ?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 35ರಲ್ಲಿದೆ. ಈ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಒಂದೇ ಹಿತಾಸಕ್ತಿ ಇರುವ ಗ್ರಾಹಕರು ತುಂಬಾ ಜನ ಇದ್ದರೆ, ಅವರಲ್ಲಿ ಒಬ್ಬರೋ ಕೆಲವರೋ ಎಲ್ಲರ ಪರವಾಗಿ ದೂರು ಕೊಡಬಹುದು ಎಂದು ಸೆಕ್ಷನ್ 35(1)(ಸಿ) ಹೇಳುತ್ತದೆ. ಇದಕ್ಕೆ ಗ್ರಾಹಕ ಆಯೋಗದ, ಅಂದರೆ ಗ್ರಾಹಕರ ದೂರು ವಿಚಾರಣೆ ಮಾಡುವ ಕೋರ್ಟ್‌ನಂಥ ಸಂಸ್ಥೆಯ ಅನುಮತಿ ಬೇಕು. 1986ರ ಹಳೆಯ ಕಾಯ್ದೆಯಲ್ಲೂ ಸೆಕ್ಷನ್ 12(1)(ಸಿ) ಅಂತ ಇದೇ ಅವಕಾಶ ಇತ್ತು. ಹಾಗಾಗಿ ಹಳೆಯ ತೀರ್ಪುಗಳು ಈಗಲೂ ಉಪಯೋಗಕ್ಕೆ ಬರುತ್ತವೆ.

ಜಂಟಿ ದೂರು, ಪ್ರಾತಿನಿಧಿಕ ದೂರು ಎರಡೂ ಒಂದೇ ಅಲ್ವಾ?

ಅಲ್ಲ. ಈ ಒಂದು ವಿಷಯ ಮೊದಲೇ ಗೊತ್ತಿದ್ದರೆ ವರ್ಷಗಳೇ ಉಳಿಯುತ್ತವೆ.

ಜಂಟಿ ದೂರಿನಲ್ಲಿ ಹೆಸರು ಹಾಕಿ ಸಹಿ ಮಾಡಿದವರು ತಮಗಾಗಿ ಮಾತ್ರ ಕೇಳುತ್ತಾರೆ. ಹತ್ತು ಜನ ಸಹಿ ಮಾಡಿದರೆ ಆ ಹತ್ತು ಜನಕ್ಕೆ ಪರಿಹಾರ, ಅಷ್ಟೇ. ಪ್ರಾತಿನಿಧಿಕ ದೂರಿನಲ್ಲಿ ಆ ಹತ್ತು ಜನ ಹೊರಗಿರುವ ಐನೂರು ಜನರ ಪರವಾಗಿಯೂ ಮಾತಾಡುತ್ತಾರೆ. ಬೇರೆಯವರ ಹಕ್ಕನ್ನು ನಾವು ಕೈಗೆತ್ತಿಕೊಳ್ಳುವಾಗ ಕಾನೂನು ಬಿಗಿಯಾಗಿರುವುದು ಸಹಜ. ಇಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 1, ರೂಲ್ 8 ಅನ್ವಯಿಸುತ್ತದೆ. ಆಯೋಗದ ಅನುಮತಿ ಆದಮೇಲೆ ಆ ಎಲ್ಲ ಗ್ರಾಹಕರಿಗೂ ನೋಟಿಸ್ ಹೋಗಬೇಕು. ಜನ ತುಂಬಾ ಇದ್ದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಆ ಖರ್ಚು ದೂರು ಕೊಟ್ಟವರದ್ದೇ. ನೋಟಿಸ್ ನೋಡಿದ ಯಾರು ಬೇಕಾದರೂ ಬಂದು ತಮ್ಮನ್ನೂ ಸೇರಿಸಿಕೊಳ್ಳಿ ಎಂದು ಕೇಳಬಹುದು.

ಇದಕ್ಕೆ ನಮ್ಮ ಕಡೆಯದೇ ಉದಾಹರಣೆ ಇದೆಯಾ?

ಇದೆ. ಬೆಂಗಳೂರಿನ ಬ್ರಿಗೇಡ್ ಲೇಕ್‌ಫ್ರಂಟ್ ಪ್ರಕರಣ. ಗುಂಪಾಗಿ ದೂರು ಕೊಡಲು ಹೊರಟವರು ವಕೀಲರಿಗೆ ಮುಂಗಡ ಕೊಡುವ ಮೊದಲೇ ಇದನ್ನು ತಿಳಿದುಕೊಂಡರೆ ಒಳ್ಳೆಯದು.

ಆ ಯೋಜನೆಯಲ್ಲಿ ಇದ್ದದ್ದು 1134 ಫ್ಲಾಟ್. ಅವುಗಳಲ್ಲಿ 51 ಫ್ಲಾಟ್ ಕೊಂಡಿದ್ದ 91 ಜನ ಸೇರಿ, ಮನೆ ಕೊಡಲು ತಡವಾಗಿದ್ದಕ್ಕೆ ಪರಿಹಾರ ಕೇಳಿ ರಾಷ್ಟ್ರೀಯ ಆಯೋಗಕ್ಕೆ ಹೋದರು. ಉಳಿದೆಲ್ಲ ಮಾಲೀಕರ ಪರವಾಗಿಯೂ ದೂರು ನಡೆಸಲು ಅನುಮತಿ ಕೇಳಿದರು. ರಾಷ್ಟ್ರೀಯ ಆಯೋಗ ಅನುಮತಿ ಕೊಟ್ಟಿತು. ಕಂಪನಿ ಸುಪ್ರೀಂ ಕೋರ್ಟ್‌ಗೆ ಹೋಯಿತು. 2021ರ ಡಿಸೆಂಬರ್ 17ರಂದು ತೀರ್ಪು ಬಂತು. ಉಳಿದ ಫ್ಲಾಟ್‌ಗಳ ಮಾಲೀಕರಿಗೂ ಇವರಿಗೂ ಇರುವ ಹಿತಾಸಕ್ತಿ ಹೇಗೆ ಒಂದೇ ಅನ್ನುವುದನ್ನು ದೂರಿನಲ್ಲಿ ಬರೆದೇ ಇಲ್ಲ, ಹಾಗಾಗಿ ಇದನ್ನು ಪ್ರಾತಿನಿಧಿಕ ದೂರು ಎಂದು ನಡೆಸಲು ಆಗುವುದಿಲ್ಲ ಎಂದಿತು ಕೋರ್ಟ್.

ಇಲ್ಲಿಗೇ ಮುಗಿದಿದ್ದರೆ ಅದು ಬರೀ ಸೋಲು. ಆದರೆ ಕೋರ್ಟ್ ದೂರನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ಕಾಯ್ದೆಯಲ್ಲಿ 'ಗ್ರಾಹಕ' ಎಂದು ಏಕವಚನದಲ್ಲಿ ಇದ್ದರೂ ಕೆಲವು ಗ್ರಾಹಕರು ಸೇರಿ ಒಂದೇ ದೂರು ಕೊಡುವುದಕ್ಕೆ ಅಡ್ಡಿಯಿಲ್ಲ, ಇದನ್ನು ಆ 91 ಜನರ ಜಂಟಿ ದೂರು ಎಂದು ಮುಂದುವರಿಸಬಹುದು ಎಂದು ಹೇಳಿತು. ನನ್ನ ಪ್ರಕಾರ ಸಾಮಾನ್ಯ ಗ್ರಾಹಕರಿಗೆ ಆ ತೀರ್ಪಿನ ದೊಡ್ಡ ಕೊಡುಗೆ ಇದೇ. ಇಡೀ ಯೋಜನೆಯ ಭಾರ ಹೊರಲು ಆಗದಿದ್ದರೂ ಒಪ್ಪಿದ ಇಪ್ಪತ್ತು ಮೂವತ್ತು ಮನೆಯವರು ಒಂದೇ ಕಾಗದದಲ್ಲಿ ಹೋಗಲು ದಾರಿ ಇದೆ.

ಹಾಗಾದರೆ 'ಹಿತಾಸಕ್ತಿ ಒಂದೇ' ಅಂತ ತೋರಿಸುವುದು ಹೇಗೆ?

ಮೊದಲು ಒಂದು ಸಮಾಧಾನದ ಮಾತು. ಹಿತಾಸಕ್ತಿ ಒಂದೇ ಅಂದರೆ ಎಲ್ಲರ ನಷ್ಟದ ಮೊತ್ತ ಒಂದೇ ಇರಬೇಕು ಅಂತಲ್ಲ. ತಮಿಳುನಾಡು ಹೌಸಿಂಗ್ ಬೋರ್ಡ್ ವಿರುದ್ಧದ ಟಿ.ಎನ್. ಗಣಪತಿ ಪ್ರಕರಣದಲ್ಲಿ 1990ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಅಲ್ಲಿ ಮನೆ ಪಡೆದ ಪ್ರತಿಯೊಬ್ಬರಿಗೂ ಹೆಚ್ಚುವರಿ ಹಣ ಕಟ್ಟಿ ಎಂದು ಬೇರೆ ಬೇರೆ ಡಿಮ್ಯಾಂಡ್ ನೋಟಿಸ್ ಬಂದಿತ್ತು. ಆದರೂ ಎಲ್ಲರ ಪ್ರಶ್ನೆ ಒಂದೇ, ಆದ್ದರಿಂದ ಒಬ್ಬರು ಎಲ್ಲರ ಪರವಾಗಿ ದಾವೆ ಹೂಡಬಹುದು ಎಂದಿತು ಕೋರ್ಟ್.

ಇನ್ನು ಕೆಲಸದ ಮಾತು. ವಾಟ್ಸಾಪ್ ಗ್ರೂಪ್‌ನಲ್ಲಿ ಸಿಟ್ಟು ಎಷ್ಟೇ ಇರಲಿ, ಮೊದಲು ಒಂದು ಎಕ್ಸೆಲ್ ಹಾಳೆ ತೆರೆಯಿರಿ. ಬ್ಲಾಕ್ ಮತ್ತು ಫ್ಲಾಟ್ ನಂಬರ್, ಸೇಲ್ ಅಗ್ರಿಮೆಂಟ್ ದಿನಾಂಕ, ಅದರಲ್ಲಿ ಬರೆದಿರುವ ಪೊಸೆಷನ್ ದಿನಾಂಕ, ನಿಜವಾಗಿ ಕೀ ಕೊಟ್ಟ ದಿನಾಂಕ, ಇಲ್ಲಿಯವರೆಗೆ ಕಟ್ಟಿದ ಹಣ, ತಡವಾದರೆ ಚದರಡಿಗೆ ಎಷ್ಟು ಕೊಡುತ್ತೇವೆ ಎಂದು ಬರೆದ ಷರತ್ತಿನ ನಂಬರ್. ಕೊನೆಗೆ ಇನ್ನೊಂದು ಕಾಲಂ: ಈ ಮನೆಯವರು ಕಂತು ಕಟ್ಟುವುದರಲ್ಲಿ ತಾವೇ ತಡ ಮಾಡಿದ್ದಾರಾ? ಇದನ್ನು ಕೇಳಲು ಮುಜುಗರ ಆಗುತ್ತದೆ, ಆದರೂ ಕೇಳಿ. ಬಿಲ್ಡರ್ ಪರ ವಕೀಲರು ಮೊದಲು ಹುಡುಕುವುದೇ ಇದನ್ನು.

ಹಾಳೆ ತುಂಬಿದಾಗ ಚಿತ್ರ ತಾನಾಗಿಯೇ ಕಾಣುತ್ತದೆ. 'ಎ' ಬ್ಲಾಕ್‌ನವರಿಗೆ ಒಂದು ದಿನಾಂಕ, 'ಸಿ' ಬ್ಲಾಕ್‌ನವರಿಗೆ ಇನ್ನೊಂದು. ಕೆಲವರಿಗೆ ಮನೆ ಸಿಕ್ಕಿದೆ, ಕ್ಲಬ್‌ಹೌಸ್ ಇಲ್ಲ. ಕೆಲವರಿಗೆ ಮನೆಯೇ ಇಲ್ಲ. ಆಗ ಒಂದೇ ದೂರಿನ ಬದಲು ಬ್ಲಾಕ್‌ಗೆ ಒಂದರಂತೆ ಎರಡು ದೂರು ಕೊಡುವುದೇ ಜಾಣತನ ಆಗಬಹುದು.

ದೂರಿನಲ್ಲಿ ಈ ಪ್ಯಾರಾ ಇರಲೇಬೇಕು. ಹೆಚ್ಚುಕಡಿಮೆ ಹೀಗೆ: 'ಎ ಬ್ಲಾಕ್‌ನ ಎಲ್ಲ ಖರೀದಿದಾರರ ಜೊತೆಗೂ ಎದುರುದಾರರು ಒಂದೇ ನಮೂನೆಯ ಕರಾರು ಮಾಡಿಕೊಂಡಿದ್ದಾರೆ. ಎಲ್ಲದರಲ್ಲೂ ಮನೆ ಒಪ್ಪಿಸುವ ಕೊನೆಯ ದಿನಾಂಕ ಒಂದೇ. ಯಾರಿಗೂ ಆ ದಿನಕ್ಕೆ ಮನೆ ಒಪ್ಪಿಸಿಲ್ಲ. ಎಲ್ಲರೂ ಕೇಳುವ ಪರಿಹಾರ ಒಂದೇ ಲೆಕ್ಕದ್ದು.' ಈ ಒಂದೊಂದು ವಾಕ್ಯದ ಹಿಂದೆಯೂ ದಾಖಲೆ ಇರಬೇಕು. ಪರಿಹಾರದ ಬೇಡಿಕೆಯೂ ಎಲ್ಲರಿಗೂ ಒಂದೇ ಇರಬೇಕು. ಅರ್ಧ ಜನ ಹಣ ವಾಪಸ್ ಕೊಡಿ ಅಂತ, ಇನ್ನರ್ಧ ಜನ ಮನೆ ಕೊಡಿ ಅಂತ ಕೇಳಿದರೆ ಅದು ಒಂದೇ ವರ್ಗದ ದೂರು ಆಗುವುದಿಲ್ಲ. ಅಂಬರೀಶ್ ಕುಮಾರ್ ಶುಕ್ಲಾ ಪ್ರಕರಣದಲ್ಲಿ 2016ರಲ್ಲಿ ರಾಷ್ಟ್ರೀಯ ಆಯೋಗದ ದೊಡ್ಡ ಪೀಠ ಇದನ್ನು ಸ್ಪಷ್ಟವಾಗಿ ಹೇಳಿದೆ.

ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಹೆಸರಲ್ಲೇ ದೂರು ಕೊಟ್ಟರೆ ಸುಲಭ ಅಲ್ವಾ?

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಆದರೆ ಕರ್ನಾಟಕದವರು ಇಲ್ಲಿ ತುಂಬಾ ಎಚ್ಚರ ವಹಿಸಬೇಕು. ಶೋಭಾ ಹೈಬಿಸ್ಕಸ್ ಕಾಂಡೋಮಿನಿಯಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಆಗುವ ಸಂಘ ಕಾನೂನಿನ ಒತ್ತಾಯದಿಂದ ಆದದ್ದು. ಜನ ತಾವಾಗಿ ಕಟ್ಟಿಕೊಂಡ 'ಸ್ವಯಂಪ್ರೇರಿತ ಗ್ರಾಹಕ ಸಂಘ' ಅದಲ್ಲ. ಆದ್ದರಿಂದ ಅಂಥ ಸಂಘ ತನ್ನ ಹೆಸರಿನಲ್ಲಿ ಗ್ರಾಹಕ ದೂರು ಕೊಡಲು ಬರುವುದಿಲ್ಲ ಎಂದಿತು ಕೋರ್ಟ್. ಅದು ಹಳೆಯ ಕಾಯ್ದೆಯಡಿಯ ಪ್ರಕರಣ ಹೌದು. ಆದರೆ 'ಸ್ವಯಂಪ್ರೇರಿತ ಗ್ರಾಹಕ ಸಂಘ' ಅನ್ನುವ ಪದ ಹೊಸ ಕಾಯ್ದೆಯಲ್ಲೂ ಹಾಗೇ ಇದೆ.

ದಾರಿ ಇಲ್ಲ ಅಂತಲ್ಲ. ಮಾಲೀಕರು ತಮ್ಮ ಹೆಸರಿನಲ್ಲೇ ಜಂಟಿ ದೂರು ಕೊಡಿ. ಅಸೋಸಿಯೇಷನ್ ಹಿಂದೆ ನಿಂತು ದಾಖಲೆ ಕಲೆಹಾಕಲಿ, ಸಭೆ ಕರೆಯಲಿ. ಮೈಸೂರು ಗ್ರಾಹಕರ ಪರಿಷತ್ತಿನಂತೆ ಗ್ರಾಹಕರ ಕೆಲಸಕ್ಕೆಂದೇ ಹುಟ್ಟಿ ನೋಂದಣಿಯಾದ ಸಂಘಟನೆಗಳ ಮಾತು ಬೇರೆ. ಅಂಥ ಸಂಘಗಳಿಗೆ ದೂರು ಕೊಡುವ ಹಕ್ಕು ಕಾಯ್ದೆಯಲ್ಲೇ ಇದೆ.

ದೂರು ಎಲ್ಲಿ ಕೊಡಬೇಕು? ಎಷ್ಟು ಖರ್ಚು?

ನೀವು ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 50 ಲಕ್ಷದಿಂದ 2 ಕೋಟಿವರೆಗೆ ಬೆಂಗಳೂರಿನ ರಾಜ್ಯ ಆಯೋಗ, ಅದಕ್ಕಿಂತ ಜಾಸ್ತಿ ಆದರೆ ದೆಹಲಿಯ ರಾಷ್ಟ್ರೀಯ ಆಯೋಗ. ಈ ಮಿತಿ 2021ರ ಕೊನೆಯಲ್ಲಿ ಬಂದದ್ದು. ಗುಂಪಿನ ದೂರಿನಲ್ಲಿ ಎಲ್ಲರ ಮೊತ್ತವನ್ನೂ ಕೂಡಿಸಿ ನೋಡಬೇಕು ಎಂದು ಶುಕ್ಲಾ ಪ್ರಕರಣದಲ್ಲಿ ಹೇಳಿದ್ದರಿಂದ, ಹತ್ತಾರು ಫ್ಲಾಟ್‌ನವರು ಸೇರಿದರೆ ದೂರು ದೆಹಲಿಗೇ ಹೋಗುತ್ತದೆ ಎಂದುಕೊಳ್ಳಿ. ವಿಡಿಯೊ ಮೂಲಕ ವಿಚಾರಣೆಗೆ ಕೋರಲು ಕಾಯ್ದೆಯಲ್ಲೇ ಅವಕಾಶ ಇದೆ.

ಶುಲ್ಕ ಕಡಿಮೆ. 5 ಲಕ್ಷದವರೆಗೆ ಏನೂ ಇಲ್ಲ. 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1000. 10 ಕೋಟಿ ದಾಟಿದರೂ 7500 ರೂಪಾಯಿ ಮಾತ್ರ. ನಿಜವಾದ ಖರ್ಚು ಬರುವುದು ವಕೀಲರ ಫೀಸ್, ಜೆರಾಕ್ಸ್ ಮತ್ತು ಪ್ರಾತಿನಿಧಿಕ ದೂರಾದರೆ ಪತ್ರಿಕಾ ಪ್ರಕಟಣೆಗೆ. ಇದನ್ನು ಹಂಚಿಕೊಳ್ಳಬಹುದು ಅನ್ನುವುದೇ ಗುಂಪಿನ ದೊಡ್ಡ ಅನುಕೂಲ.

ದೂರನ್ನು ಆನ್‌ಲೈನ್‌ನಲ್ಲಿ ಇ-ಜಾಗೃತಿ ಪೋರ್ಟಲ್ ಮೂಲಕ ಸಲ್ಲಿಸಬಹುದು. ಹೊಸ ಕಾಯ್ದೆಯಲ್ಲಿ ನೀವು ವಾಸ ಮಾಡುವ ಅಥವಾ ಕೆಲಸ ಮಾಡುವ ಊರಿನಲ್ಲೂ ದೂರು ಕೊಡಬಹುದು. ಕಂಪನಿಯ ಮುಖ್ಯ ಕಚೇರಿ ಗುರುಗ್ರಾಮದಲ್ಲಿದ್ದರೆ ಕಲಬುರಗಿಯವರು ಅಲ್ಲಿಗೆ ಓಡಬೇಕಾಗಿಲ್ಲ.

ವಕೀಲರು ಬೇಕೇ ಬೇಕಾ? ಗೆದ್ದರೆ ಪಾಲು ಕೊಡ್ತೀವಿ ಅನ್ನಬಹುದಾ?

ಸಣ್ಣ ದೂರಿಗೆ ಬೇಡ, ನೀವೇ ವಾದಿಸಬಹುದು. ಪ್ರಾತಿನಿಧಿಕ ದೂರಿಗೆ ಅನುಭವ ಇರುವ ವಕೀಲರು ಬೇಕು ಎಂದೇ ನಾನು ಹೇಳುತ್ತೇನೆ, ಅನುಮತಿ ಅರ್ಜಿಯಲ್ಲೇ ಅರ್ಧ ಯುದ್ಧ ನಡೆಯುತ್ತದೆ. ಗೆದ್ದ ಹಣದಲ್ಲಿ ಇಷ್ಟು ಪರ್ಸೆಂಟ್ ಎಂದು ವಕೀಲರು ಫೀಸ್ ಒಪ್ಪಿಕೊಳ್ಳುವಂತಿಲ್ಲ. ಅಮೆರಿಕದಲ್ಲಿ ಅದು ನಡೆಯುತ್ತದೆ, ಇಲ್ಲಿ ಬಾರ್ ಕೌನ್ಸಿಲ್ ನಿಯಮ ಬಿಡುವುದಿಲ್ಲ. ಯಾರಾದರೂ ಹಾಗೆ ಹೇಳಿಕೊಂಡು ಬಂದರೆ ದೂರ ಇರಿ. ಗುಂಪಿನ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ, ಪ್ರತಿ ತಿಂಗಳು ಲೆಕ್ಕ ಹಾಕಿ ಎಲ್ಲರಿಗೂ ಕಳಿಸಿ. ದುಡ್ಡಿನ ಅನುಮಾನ ಒಮ್ಮೆ ಹುಟ್ಟಿದರೆ ಗುಂಪು ಒಡೆಯಲು ಎದುರುದಾರರು ಬೇರೆ ಏನೂ ಮಾಡಬೇಕಾಗಿಲ್ಲ.

ಕಾಲ ಮಿತಿ ಎಷ್ಟು?

ತಕರಾರು ಹುಟ್ಟಿದ ದಿನದಿಂದ 2 ವರ್ಷ. ತಡವಾಗಿದ್ದರೆ ಸರಿಯಾದ ಕಾರಣ ಬರೆದು ಕೊಡಬೇಕು, ಒಪ್ಪುವುದು ಬಿಡುವುದು ಆಯೋಗಕ್ಕೆ ಸೇರಿದ್ದು.

ಕೆಲವು ತಕರಾರುಗಳು ದಿನಾ ಮುಂದುವರಿಯುತ್ತಲೇ ಇರುತ್ತವೆ. ಸಮೃದ್ಧಿ ಸಹಕಾರಿ ಹೌಸಿಂಗ್ ಸೊಸೈಟಿ ಪ್ರಕರಣದಲ್ಲಿ ಮುಂಬೈನ ಮನೆಯವರು ಓಸಿ (ಕಟ್ಟಡದಲ್ಲಿ ವಾಸ ಮಾಡಬಹುದು ಎಂದು ಸ್ಥಳೀಯ ಸಂಸ್ಥೆ ಕೊಡುವ ಪ್ರಮಾಣಪತ್ರ) ಇಲ್ಲದ ಕಾರಣಕ್ಕೆ ಆಸ್ತಿ ತೆರಿಗೆಯನ್ನು ಶೇ 25ರಷ್ಟು, ನೀರಿನ ಶುಲ್ಕವನ್ನು ಶೇ 50ರಷ್ಟು ಜಾಸ್ತಿ ಕಟ್ಟುತ್ತಿದ್ದರು. ಓಸಿ ಕೊಡಿಸದೇ ಇರುವುದು ಮುಂದುವರಿಯುತ್ತಿರುವ ತಪ್ಪು, ಅವಧಿ ಮೀರಿದೆ ಎಂದು ದೂರನ್ನು ತಳ್ಳಿಹಾಕುವಂತಿಲ್ಲ ಎಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬೆಂಗಳೂರಿನಲ್ಲಿ ಓಸಿ ಇಲ್ಲದ ಮನೆಗಳಲ್ಲಿ ಇರುವವರು ಈ ತೀರ್ಪನ್ನು ನೆನಪಿಟ್ಟುಕೊಳ್ಳಿ.

ರೇರಾಗೆ ಹೋಗಬೇಕಾ, ಗ್ರಾಹಕ ಆಯೋಗಕ್ಕಾ?

ಎರಡೂ ಬಾಗಿಲು ತೆರೆದಿವೆ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಇದೆ ಎನ್ನುವ ಕಾರಣಕ್ಕೆ ಗ್ರಾಹಕ ದೂರಿಗೆ ತಡೆ ಇಲ್ಲ ಎಂದು ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಖರೀದಿದಾರರ ಸಂಘವೇ ದೂರು ಕೊಡಬಹುದು ಎಂದು ರೇರಾ ಕಾಯ್ದೆಯ ಸೆಕ್ಷನ್ 31ರಲ್ಲಿ ಇದೆ. ಮೇಲೆ ಹೇಳಿದ ಅಸೋಸಿಯೇಷನ್ ತೊಡಕು ನಿಮಗೆ ಅಡ್ಡ ಬಂದರೆ ರೇರಾ ಸುಲಭ. ಆದರೆ ಒಂದೇ ಪರಿಹಾರಕ್ಕೆ ಎರಡೂ ಕಡೆ ಅರ್ಜಿ ಹಾಕಬೇಡಿ.

ಕರಾರಿನಲ್ಲಿ 'ಮಧ್ಯಸ್ಥಿಕೆಗೇ (ಆರ್ಬಿಟ್ರೇಷನ್) ಹೋಗಬೇಕು' ಎಂದು ಬರೆದಿದೆಯಲ್ಲ?

ಹೆದರಬೇಡಿ. ಅದರಿಂದ ಗ್ರಾಹಕ ಆಯೋಗಕ್ಕೆ ಹೋಗುವ ಹಕ್ಕು ಹೋಗುವುದಿಲ್ಲ. ಎಮಾರ್ ಎಂಜಿಎಫ್ ಪ್ರಕರಣದಲ್ಲಿ 2018ರಲ್ಲೇ ಇದು ಇತ್ಯರ್ಥ ಆಗಿದೆ.

ಲೇಔಟ್ ಸೈಟ್ ಕೊಂಡವರೂ ಹೀಗೆ ಸೇರಬಹುದಾ?

ರಸ್ತೆ, ಚರಂಡಿ, ನೀರು, ಕರೆಂಟ್ ಕೊಟ್ಟು ಅಭಿವೃದ್ಧಿ ಮಾಡಿದ ಸೈಟ್ ಕೊಡುತ್ತೇವೆ ಎಂದಿದ್ದರೆ ಅದು ಸೇವೆ, ಸೇರಬಹುದು. ಸುಮ್ನೆ ಖಾಲಿ ಜಾಗ ಮಾರಿದ್ದರೆ ಅದು ಗ್ರಾಹಕ ವ್ಯಾಜ್ಯ ಆಗುವುದು ಕಷ್ಟ. ಬ್ರೋಷರ್ ಇಟ್ಟುಕೊಂಡಿದ್ದೀರಾ ನೋಡಿ, 'ಮೂವತ್ತು ಅಡಿ ಡಾಂಬರು ರಸ್ತೆ' ಎಂದು ಅಚ್ಚಾದ ಆ ಒಂದು ಸಾಲೇ ನಿಮ್ಮ ಸಾಕ್ಷಿ.

ಕಂಪನಿಯವರು ಒಬ್ಬೊಬ್ಬರನ್ನೇ ಕರೆದು ರಾಜಿ ಮಾಡ್ತಿದ್ದಾರೆ. ಏನು ಮಾಡೋದು?

ಇದು ಪ್ರತಿ ಗುಂಪಿನಲ್ಲೂ ಆಗುತ್ತದೆ. ನೋಟಿಸ್ ಹೋದ ಕೆಲವೇ ವಾರಗಳಲ್ಲಿ ಫೋನ್ ಬರಲು ಶುರುವಾಗುತ್ತದೆ. 'ಸರ್, ನಿಮಗೆ ಮಾತ್ರ ಸ್ಪೆಷಲ್ ಆಫರ್, ಬೇರೆಯವರಿಗೆ ಹೇಳಬೇಡಿ.' ಮಗಳ ಮದುವೆಯೋ ಬ್ಯಾಂಕಿನ ಇಎಂಐಯೋ ಕುತ್ತಿಗೆಗೆ ಬಂದವರು ಒಪ್ಪಿಕೊಳ್ಳುತ್ತಾರೆ. ಅವರನ್ನು ದ್ರೋಹಿ ಎನ್ನಬೇಡಿ, ಅವರ ಕಷ್ಟ ಅವರಿಗೆ.

ಜಂಟಿ ದೂರಿನಲ್ಲಿ ಒಬ್ಬರು ತಮ್ಮ ಮಟ್ಟಿಗೆ ರಾಜಿಯಾಗಿ ಹೊರಬಂದರೂ ಉಳಿದವರ ದೂರು ನಡೆಯುತ್ತದೆ. ಪ್ರಾತಿನಿಧಿಕ ದೂರಿನಲ್ಲಿ ಇನ್ನೂ ಗಟ್ಟಿ ರಕ್ಷಣೆ ಇದೆ. ಮುಂದೆ ನಿಂತವರು ಇಡೀ ದೂರನ್ನು ಹಿಂದಕ್ಕೆ ಪಡೆಯಬೇಕಾದರೆ, ಬೇಡಿಕೆಯ ಒಂದು ಭಾಗ ಬಿಟ್ಟುಕೊಡಬೇಕಾದರೆ ಅಥವಾ ರಾಜಿ ಮಾಡಿಕೊಳ್ಳಬೇಕಾದರೆ, ಎಲ್ಲ ಗ್ರಾಹಕರಿಗೂ ನೋಟಿಸ್ ಹೋಗಲೇಬೇಕು. ಮುಂದಾಳು ಕೇಸನ್ನು ಸರಿಯಾಗಿ ನಡೆಸದಿದ್ದರೆ ಅದೇ ಗುಂಪಿನ ಇನ್ನೊಬ್ಬರನ್ನು ಆ ಜಾಗಕ್ಕೆ ತರಬಹುದು. ಇವೆರಡೂ ಆರ್ಡರ್ 1, ರೂಲ್ 8ರಲ್ಲೇ ಇವೆ.

ನಾನು ಸೇರದೇ ಇದ್ದರೂ ಫಲ ಸಿಗುತ್ತಾ? ಸೋತರೆ ನನಗೂ ಅನ್ವಯಿಸುತ್ತಾ?

ಪ್ರಾತಿನಿಧಿಕ ದೂರಾದರೆ ಎರಡಕ್ಕೂ ಹೌದು. ಆದೇಶ ಆ ವರ್ಗದ ಎಲ್ಲರನ್ನೂ ಕಟ್ಟಿಹಾಕುತ್ತದೆ, ಗೆದ್ದರೂ ಸೋತರೂ. ಅದಕ್ಕೇ ಪತ್ರಿಕೆಯ ಪ್ರಕಟಣೆ ಕಂಡರೆ ಪಕ್ಕಕ್ಕಿಡಬೇಡಿ. ಜಂಟಿ ದೂರಾದರೆ ಸಹಿ ಮಾಡದವರಿಗೆ ಫಲವೂ ಇಲ್ಲ, ಬಂಧನವೂ ಇಲ್ಲ.

ನನ್ನದು ಬರೀ 50 ರೂಪಾಯಿ ವಿಷಯ. ಇದಕ್ಕೆಲ್ಲ ಕೋರ್ಟಾ?

ಈ ಪ್ರಶ್ನೆಯೇ ನನ್ನನ್ನು ಈ ಕೆಲಸದಲ್ಲಿ ಹಿಡಿದಿಟ್ಟಿದೆ. ಒಬ್ಬರಿಗೆ 50 ರೂಪಾಯಿ ದೊಡ್ಡದಲ್ಲ. ಲಕ್ಷ ಜನರಿಂದ 50 ರೂಪಾಯಿ ಹೋದರೆ 50 ಲಕ್ಷ. ಯಾರೂ ಕೇಳುವುದಿಲ್ಲ ಎನ್ನುವ ಧೈರ್ಯದ ಮೇಲೆ ಆ ಹಣ ನಿಂತಿರುತ್ತದೆ.

ಇಂಥದ್ದಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಂದರೆ ಸಿಸಿಪಿಎ ಇದೆ. 2019ರ ಕಾಯ್ದೆಯಿಂದ ಹುಟ್ಟಿದ್ದು. ಒಬ್ಬರ ವ್ಯಾಜ್ಯವನ್ನಲ್ಲ, ಗ್ರಾಹಕರನ್ನು ಒಂದು ವರ್ಗವಾಗಿ ಕಾಪಾಡುವುದು ಇದರ ಕೆಲಸ. ಬೆಂಗಳೂರು ಮೂಲದ ರಾಪಿಡೊ '5 ನಿಮಿಷದಲ್ಲಿ ಆಟೊ, ಇಲ್ಲದಿದ್ದರೆ 50 ರೂಪಾಯಿ' ಎಂದು ಜಾಹೀರಾತು ಕೊಟ್ಟಿತ್ತು. ಆದರೆ ಕೊಡುತ್ತಿದ್ದದ್ದು ನಗದಲ್ಲ, ಬೈಕ್ ಸವಾರಿಗೆ ಮಾತ್ರ ಬಳಸಬಹುದಾದ, ಏಳೇ ದಿನ ಬಾಳುವ ಕಾಯಿನ್‌ಗಳು. 2025ರ ಆಗಸ್ಟ್‌ನಲ್ಲಿ ಸಿಸಿಪಿಎ ಕಂಪನಿಗೆ 10 ಲಕ್ಷ ರೂಪಾಯಿ ದಂಡ ಹಾಕಿತು. ಮಾತು ಕೊಟ್ಟ 50 ರೂಪಾಯಿ ಸಿಗದವರಿಗೆ ಆ ಹಣ ಪೂರ್ತಿ ಕೊಡಬೇಕು ಎಂದೂ ಆದೇಶಿಸಿತು. ಆ ಗ್ರಾಹಕರಲ್ಲಿ ಒಬ್ಬೊಬ್ಬರೂ ಬೇರೆ ಬೇರೆ ಕೇಸ್ ಹಾಕಬೇಕಾಗಲಿಲ್ಲ.

ನೀವು ಮಾಡಬೇಕಾದದ್ದು ದೂರು ದಾಖಲಿಸುವುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅಥವಾ ಜಿಲ್ಲಾಧಿಕಾರಿಗೆ ಲಿಖಿತ ದೂರು ಕೊಡಿ. ಒಂದೇ ತಕರಾರಿನ ದೂರುಗಳು ಗುಡ್ಡೆ ಬಿದ್ದಾಗಲೇ ಅದು ಒಂದು ವರ್ಗದ ಸಮಸ್ಯೆ ಎಂದು ಕಾಣುವುದು. ಹಾಗಾಗಿ 'ಬೇರೆ ಯಾರೋ ಕೊಟ್ಟಿರ್ತಾರೆ ಬಿಡು' ಅನ್ನಬೇಡಿ.

ಗ್ರಾಹಕ ಆಯೋಗದ ಕೈಯಲ್ಲೂ ಒಂದು ಅಸ್ತ್ರ ಇದೆ, ಯಾಕೋ ಅದು ಹೆಚ್ಚು ಚರ್ಚೆಗೆ ಬರುವುದೇ ಇಲ್ಲ. ನಷ್ಟ ಆದವರು ತುಂಬಾ ಜನ ಇದ್ದು, ಯಾರ್ಯಾರು ಎಂದು ಸುಲಭವಾಗಿ ಗುರುತಿಸಲು ಆಗದಿದ್ದರೆ, ದೋಷದ ವಸ್ತು ಅಥವಾ ಸೇವೆಯ ಒಟ್ಟು ಮೌಲ್ಯದ ಕನಿಷ್ಠ ಶೇ 25ರಷ್ಟು ಹಣ ಕಟ್ಟಿ ಎಂದು ಆದೇಶಿಸಬಹುದು. ಹಳೆಯ ಕಾಯ್ದೆಯಲ್ಲಿ ಇದು ಶೇ 5 ಇತ್ತು.

ಸರ್ಕಾರವೇ ನಮ್ಮ ಪರ ಕೇಸ್ ಹಾಕಬಹುದಾ?

ಹಾಕಬಹುದು. ಮ್ಯಾಗಿ ವಿವಾದ ನೆನಪಿದೆ ಅಲ್ವಾ? 2015ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಗ್ರಾಹಕರೆಲ್ಲರ ಪರವಾಗಿ ನೆಸ್ಲೆ ವಿರುದ್ಧ ರಾಷ್ಟ್ರೀಯ ಆಯೋಗಕ್ಕೆ ಹೋಗಿ ಸುಮಾರು 640 ಕೋಟಿ ರೂಪಾಯಿ ಕೇಳಿತು. 2024ರ ಏಪ್ರಿಲ್‌ನಲ್ಲಿ ಆಯೋಗ ಅದನ್ನು ವಜಾ ಮಾಡಿತು. ದೂರು ಕೊಟ್ಟವರು ಸರ್ಕಾರವೇ ಆದರೂ ಗೆಲುವು ಖಾತ್ರಿಯಲ್ಲ, ಬೇಗ ಮುಗಿಯುತ್ತದೆ ಅನ್ನುವ ಹಾಗೂ ಇಲ್ಲ.

ವಿದೇಶದಲ್ಲಿ ಇರುವವರು ಸೇರಬಹುದಾ?

ಖಂಡಿತ. ದುಬೈ, ಅಮೆರಿಕದಲ್ಲಿ ಇರುವ ಎಷ್ಟೋ ಕನ್ನಡಿಗರು ಊರಲ್ಲಿ ಮನೆಗೆ ಹಣ ಹಾಕಿದ್ದಾರೆ. ಇಲ್ಲಿರುವ ಅಣ್ಣನಿಗೋ ಅಪ್ಪನಿಗೋ ಪವರ್ ಆಫ್ ಅಟಾರ್ನಿ ಕೊಟ್ಟರೆ ಸಾಕು. ಒಂದು ಎಚ್ಚರಿಕೆ: ವ್ಯಾಪಾರಕ್ಕಾಗಿ ಸಾಲು ಸಾಲು ಫ್ಲಾಟ್ ಕೊಂಡವರು ಕಾಯ್ದೆಯ ಅರ್ಥದಲ್ಲಿ ಗ್ರಾಹಕರೇ ಅಲ್ಲ ಎನ್ನುವ ವಾದ ಬರುತ್ತದೆ. ಅಂಥವರನ್ನು ಗುಂಪಿಗೆ ಸೇರಿಸುವ ಮೊದಲು ಯೋಚಿಸಿ.

ಎಷ್ಟು ದಿನ ಹಿಡಿಯುತ್ತದೆ?

ಎದುರುದಾರರು 30 ದಿನದಲ್ಲಿ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನೂ 15 ದಿನ. ಅದಕ್ಕೂ ಮೀರಿ ಕೊಡಲು ಬರುವುದಿಲ್ಲ ಎಂದು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠವೇ ಹೇಳಿದೆ. 46ನೇ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಕೊಳ್ಳಿ. ದೂರು 3 ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ವರ್ಷಗಳೇ ಆಗುತ್ತವೆ. ಗುಂಪಿಗೆ ಸೇರುವವರಿಗೆ ಮೊದಲ ಸಭೆಯಲ್ಲೇ ಇದನ್ನು ಹೇಳಿಬಿಡಿ. ಆರು ತಿಂಗಳಲ್ಲಿ ಹಣ ಬರುತ್ತದೆ ಎಂದು ನಂಬಿ ಸೇರಿದವರು ಏಳನೇ ತಿಂಗಳಿಗೆ ಬಿಟ್ಟು ಹೋಗುತ್ತಾರೆ.

ಗೆದ್ದ ಮೇಲೂ ಹಣ ಕೊಡದಿದ್ದರೆ?

ಅವರು ಮೇಲ್ಮನವಿಗೆ ಹೋಗಬಹುದು. ಜಿಲ್ಲಾ ಆಯೋಗದ ಆದೇಶದ ಮೇಲೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಹೋಗಬೇಕು, ಆದೇಶದ ಮೊತ್ತದಲ್ಲಿ ಅರ್ಧ ಮೊದಲು ಠೇವಣಿ ಇಡಬೇಕು. ಹೋಗದೆ, ಹಣವನ್ನೂ ಕೊಡದೆ ಸುಮ್ಮನಿದ್ದರೆ ಎರಡು ಅರ್ಜಿಗಳು ನಿಮ್ಮ ಕೈಯಲ್ಲಿವೆ. ಸೆಕ್ಷನ್ 71ರಡಿ ಆದೇಶವನ್ನು ಸಿವಿಲ್ ಕೋರ್ಟ್ ಡಿಕ್ರಿಯಂತೆ ಜಾರಿ ಮಾಡಿಸಬಹುದು, ಅಂದರೆ ಆಸ್ತಿ ಜಪ್ತಿವರೆಗೂ ಹೋಗಬಹುದು. ಸೆಕ್ಷನ್ 72ರಡಿ ಆದೇಶ ಪಾಲಿಸದವರಿಗೆ 1 ತಿಂಗಳಿಂದ 3 ವರ್ಷದವರೆಗೆ ಜೈಲು, ಅಥವಾ 25 ಸಾವಿರದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಗೆದ್ದ ಖುಷಿಯಲ್ಲಿ ಗ್ರೂಪ್ ಮುಚ್ಚಿಬಿಡಬೇಡಿ. ಜಾರಿ ಅರ್ಜಿಗೆ ಕಂಪನಿಯ ಆಸ್ತಿ, ಬ್ಯಾಂಕ್ ಖಾತೆ, ನಿರ್ದೇಶಕರ ವಿವರ ಎಲ್ಲ ಬೇಕಾಗುತ್ತದೆ. ಅದನ್ನು ಹುಡುಕಲು ಎಷ್ಟು ಜನ ಇದ್ದರೂ ಕಡಿಮೆಯೇ.